ಮೊಬೈಲ್ ಇರುವಾಗ ಗೇಮ್ ಕನ್ಸೋಲ್ ಯಾಕೆ? ಕೊಡಗಿನವರು ಪದೇ ಪದೇ ಕೇಳೋ ಪ್ರಶ್ನೆಗಳು

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ ಯಾವ ಕಡೆಯವರು ಕೇಳಿದ್ರೂ ಪ್ರಶ್ನೆ ಹೆಚ್ಚು ಕಮ್ಮಿ ಒಂದೇ ಇರುತ್ತೆ, ಅದಕ್ಕೆ ಎಲ್ಲಾ ಒಂದೇ ಕಡೆ ಬರೆದು ಹಾಕ್ತಾ ಇದೀನಿ. ಕನ್ಸೋಲ್ ಅಂದ್ರೆ ಗೇಮ್ ಆಡೋಕೆ ಅಂತಾನೇ ಮಾಡಿರೋ ಡಬ್ಬ, ಹೆಚ್ಚಾಗಿ ಟಿವಿಗೆ ಹಾಕಿ ಆಡೋದು. ಯೂಟ್ಯೂಬಲ್ಲಿ ಸಿಗೋ ಸಲಹೆ ಎಲ್ಲಾ ಕರೆಂಟು ಹೋಗದ, ಫೈಬರ್ ತುಂಡಾಗದ ಊರಿನವರು ಕೊಟ್ಟಿರೋದು. ಇಲ್ಲಿ ಜೂನಿಂದ ಆಗಸ್ಟ್ ತನಕ ಪರಿಸ್ಥಿತಿ ಹೇಗಿರುತ್ತೆ ಅಂತ ನಮಗೆ ಗೊತ್ತು, ಅದನ್ನ ಲೆಕ್ಕಕ್ಕೆ ತಗೊಂಡೇ ಉತ್ತರ ಬರೆದಿದೀನಿ.

ನೇರವಾಗಿ ಹೇಳಿ, ಮೊಬೈಲ್ ಬಂದು ಕನ್ಸೋಲ್ ಪೂರ್ತಿ ಹೋಗ್ಬಿಡುತ್ತಾ?

ಹೋಗಲ್ಲ. ಆದ್ರೆ ಕನ್ಸೋಲಿನ ಒಂದು ಜಾತಿ ಆಗ್ಲೇ ಹೋಗಿದೆ, ಅದನ್ನ ಒಪ್ಕೋಬೇಕು. ಕೈಯಲ್ಲಿ ಹಿಡ್ಕೊಂಡು ಆಡೋ ಚಿಕ್ಕ ಕನ್ಸೋಲ್ ಇತ್ತಲ್ಲ, ಸೋನಿಯ ಪಿಎಸ್ ವೀಟಾ, ನಿಂಟೆಂಡೋದ 3ಡಿಎಸ್, ಅವೆರಡೂ 2011ರಲ್ಲಿ ಬಂದಿದ್ದು, ವೀಟಾ 2019ಕ್ಕೆ ನಿಂತು ಹೋಯ್ತು, 3ಡಿಎಸ್ 2020ಕ್ಕೆ. ಜೇಬಲ್ಲಿ ಹೇಗೂ ಫೋನ್ ಇರುವಾಗ ಇನ್ನೊಂದು ಡಬ್ಬ ಯಾಕೆ ಅಂತ ಜನ ಬಿಟ್ರು. ಇವತ್ತು ಪ್ರಪಂಚದಲ್ಲಿ ಗೇಮಿಂದ ಬರೋ ದುಡ್ಡಲ್ಲಿ ಸುಮಾರು ಅರ್ಧ ಮೊಬೈಲಿಂದಾನೇ ಬರೋದು.

ಹಾಗಂತ ಟಿವಿಗೆ ಹಾಕೋ ಕನ್ಸೋಲ್ ಸಾಯ್ತಾ ಇದ್ಯಾ ಅಂದ್ರೆ, ಇಲ್ಲ. 2017ರಲ್ಲಿ ಬಂದ, ಟಿವಿಗೂ ಹಾಕ್ಬೋದು ಕೈಯಲ್ಲೂ ಹಿಡ್ಕೋಬೋದು ಅನ್ನೋ ನಿಂಟೆಂಡೋ ಸ್ವಿಚ್ 15 ಕೋಟಿಗೂ ಹೆಚ್ಚು ಮಾರಾಟ ಆಗಿದೆ, 2020ರ ಕೊನೆಗೆ ಬಂದ ಸೋನಿಯ ಪ್ಲೇಸ್ಟೇಷನ್ 5 (ಪಿಎಸ್5) 8 ಕೋಟಿ ದಾಟಿದೆ. ಮೊಬೈಲ್ ಅಬ್ಬರದ ಮಧ್ಯದಲ್ಲೇ ಇಷ್ಟು ಹೋಗಿರೋದು. ಅಂದ್ರೆ ಹೊಸದಾಗಿ ಆಟಕ್ಕೆ ಬಂದ ಕೋಟ್ಯಂತರ ಜನ ಮೊಬೈಲಿಗೆ ಬಂದ್ರು, ಹಳಬರು ಕನ್ಸೋಲ್ ಬಿಟ್ಟು ಎದ್ದು ಹೋಗ್ಲಿಲ್ಲ.

ನಮ್ಮ ಊರಿನ ಕಥೆ ಬೇರೆ. ಇಲ್ಲಿ ಹೆಚ್ಚಿನ ಮನೇಲಿ ಕನ್ಸೋಲ್ ಅನ್ನೋದು ಯಾವತ್ತೂ ಇರ್ಲೇ ಇಲ್ಲ. 2016ರ ಸೆಪ್ಟೆಂಬರಲ್ಲಿ ಜಿಯೋ ಬಂತು, 2018ರಲ್ಲಿ ಪಬ್‌ಜಿ ಮೊಬೈಲ್ ಬಂತು, ಅಲ್ಲಿಂದ ಶುರು. ಕೊಡಗಲ್ಲಿ ಮೊಬೈಲು ಕನ್ಸೋಲಿನ ಜಾಗ ಕಿತ್ತುಕೊಳ್ಳಲಿಲ್ಲ, ಖಾಲಿ ಇದ್ದ ಜಾಗದಲ್ಲಿ ಬಂದು ಕೂತ್ಕೊಂಡಿತು.

ಈಗ ಮೊಬೈಲಲ್ಲೇ ದೊಡ್ಡ ದೊಡ್ಡ ಗೇಮ್ ಬರ್ತಾ ಇದೆ ಅಲ್ವಾ? ಇನ್ನೇನು ವ್ಯತ್ಯಾಸ ಉಳೀತು?

ಬರ್ತಾ ಇದೆ, ನಿಜ. ಗೆನ್ಶಿನ್ ಇಂಪ್ಯಾಕ್ಟ್ 2020ರಲ್ಲಿ ಪಿಎಸ್4, ಕಂಪ್ಯೂಟರ್, ಮೊಬೈಲ್ ಮೂರಕ್ಕೂ ಒಟ್ಟಿಗೇ ಬಂತು. 2023ರಲ್ಲಿ ಐಫೋನ್ 15 ಪ್ರೋಗೆ ರೆಸಿಡೆಂಟ್ ಈವಿಲ್ 4 ಬಂತು, 2024ರಲ್ಲಿ ಅಸ್ಯಾಸಿನ್ಸ್ ಕ್ರೀಡ್ ಮಿರಾಜ್ ಬಂತು, ಇವೆಲ್ಲ ಕನ್ಸೋಲ್ ಗೇಮುಗಳೇ, ಪೂರ್ತಿ ಗೇಮ್. ಮೊಬೈಲ್ ಚಿಪ್ಪಿಗೆ ಶಕ್ತಿ ಇಲ್ಲ ಅಂತ ಹೇಳೋ ಕಾಲ ಮುಗೀತು. ಸ್ವಿಚ್ ಒಳಗೆ ಇದ್ದಿದ್ದೇ ಎನ್ವಿಡಿಯಾದ ಟೆಗ್ರಾ ಎಕ್ಸ್1, ಅದು ಟ್ಯಾಬ್ಲೆಟ್ಟು, ಟಿವಿ ಬಾಕ್ಸಿಗೆಲ್ಲ ಹಾಕ್ತಿದ್ದ ಜಾತಿಯ ಚಿಪ್ಪು.

ತೊಂದ್ರೆ ಇರೋದು ಬಿಸಿಯಲ್ಲಿ. ಪಿಎಸ್5 ದೊಡ್ಡ ಗೇಮ್ ಆಡುವಾಗ 200 ವ್ಯಾಟ್ ಆಸುಪಾಸು ಎಳೆಯುತ್ತೆ, ಆ ಬಿಸಿ ಹೊರಗೆ ತಳ್ಳೋಕೆ ಅಂತಾನೇ ಒಳಗೆ ದೊಡ್ಡ ಫ್ಯಾನು, ದಪ್ಪ ಹೀಟ್‌ಸಿಂಕು, ಅದಕ್ಕೇ ಡಬ್ಬ ಅಷ್ಟು ದೊಡ್ಡದು. ಫೋನಲ್ಲಿ ಫ್ಯಾನ್ ಇಲ್ಲ, ಐದಾರು ವ್ಯಾಟ್ ದಾಟಿ ಜಾಸ್ತಿ ಹೊತ್ತು ಓಡಿದ್ರೆ ಬಿಸಿ ಹೋಗೋಕೆ ಇರೋ ದಾರಿ ನಿಮ್ಮ ಅಂಗೈ ಮಾತ್ರ. ಮೊದಲ ಹತ್ತು ಹದಿನೈದು ನಿಮಿಷ ಗೇಮ್ ಚೆನ್ನಾಗಿ ಓಡುತ್ತೆ, ಆಮೇಲೆ ಫೋನೇ ತನ್ನನ್ನ ಉಳಿಸ್ಕೊಳ್ಳೋಕೆ ಸ್ಪೀಡ್ ಇಳಿಸುತ್ತೆ, ಸ್ಕ್ರೀನ್ ಬ್ರೈಟ್‌ನೆಸ್ಸೂ ಇಳಿಯುತ್ತೆ, ಅಷ್ಟು ಹೊತ್ತು ಸೆಕೆಂಡಿಗೆ 60 ಚಿತ್ರದ (ಫ್ರೇಮ್) ಲೆಕ್ಕದಲ್ಲಿ ಓಡ್ತಿದ್ದದ್ದು ತಡವರಿಸೋಕೆ ಶುರು. ಚಾರ್ಜಿಗೆ ಹಾಕ್ಕೊಂಡು ಆಡೋರ ಫೋನ್ ಹಿಂದೆ ಕೈ ಇಟ್ಟು ನೋಡಿ, ಕ್ಯಾಮೆರಾ ಪಕ್ಕದ ಜಾಗ ಮುಟ್ಟೋಕಾಗಲ್ಲ. ನಮ್ಮ ಚಳಿಗೆ ಸ್ವಲ್ಪ ಪರವಾಗಿಲ್ಲ, ಅದು ಬಿಟ್ರೆ ಲೆಕ್ಕ ಅದೇ. ಇದು ಕಂಪನಿ ತಪ್ಪಲ್ಲ, ಅಷ್ಟು ತೆಳು ವಸ್ತುವಿಂದ ಅಷ್ಟು ಬಿಸಿ ಹೊರಗೆ ಹೋಗಲ್ಲ, ಚಿಪ್ಪು ಎಷ್ಟೇ ಜೋರಾಗ್ಲಿ.

ಎರಡನೇದು ಬೆರಳು. ಟಚ್ ಸ್ಕ್ರೀನಲ್ಲಿ ಆಡುವಾಗ ಎರಡು ಹೆಬ್ಬೆರಳು ಪರದೆಯ ಒಂದು ಪಾಲನ್ನ ಮುಚ್ಚಿರುತ್ತೆ, ಬಟನ್ ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗಲ್ಲ. ಬಿಜಿಎಂಐ (ಪಬ್‌ಜಿ ಮೊಬೈಲಿನ ಭಾರತದ ಆವೃತ್ತಿ) ಥರದ್ದು ಟಚ್ಚಿಗೆ ಅಂತಾನೇ ಮಾಡಿರೋದ್ರಿಂದ ನಡೆಯುತ್ತೆ, ನಾಲ್ಕು ಬೆರಳು ಇಟ್ಟು ಹುಡುಗ್ರು ಆಡೋದು ನೋಡಿದ್ರೆ ಆಶ್ಚರ್ಯ ಆಗುತ್ತೆ, ಅದೂ ಒಂದು ನಿಜವಾದ ಕೌಶಲ್ಯ. ಆದ್ರೆ ಕಂಟ್ರೋಲರಿಗೆ ಅಂತ ಮಾಡಿರೋ ಎಲ್ಡನ್ ರಿಂಗ್ ಥರದ ಗೇಮನ್ನ ಹಾಗೆ ಆಡೋದು ಕಷ್ಟ.

ಮಳೆಗಾಲದಲ್ಲಿ ಯಾವ್ದು ಉಪಯೋಗ? ಕರೆಂಟೇ ಇರಲ್ಲ, ಮೊಬೈಲೇ ವಾಸಿ ಅಲ್ವಾ?

ಎಲ್ಲರೂ ಹಾಗೇ ಅಂದ್ಕೊಳ್ಳೋದು, ನನ್ನ ಅನುಭವ ಉಲ್ಟಾ. ಈ ಪುಟ ಬರೆಯೋಕೆ ಮುಖ್ಯ ಕಾರಣಾನೇ ಈ ಪ್ರಶ್ನೆ.

ಕಕ್ಕಡದ (ಜುಲೈ-ಆಗಸ್ಟ್) ಮಳೆಗೆ ಒಂದು ಮರ ಲೈನ್ ಮೇಲೆ ಬಿತ್ತು ಅಂತ ಇಟ್ಕೊಳ್ಳಿ. ಮೊದಲು ಕರೆಂಟ್ ಹೋಗುತ್ತೆ. ಕೆಲವು ಗಂಟೆ ಟವರು ಬ್ಯಾಟರಿಯಲ್ಲಿ ನಡೆಯುತ್ತೆ, ಜನರೇಟರಿಗೆ ಡೀಸೆಲ್ ಬರ್ಲಿಲ್ಲ ಅಂದ್ರೆ ಅದೂ ಹೋಗುತ್ತೆ. ಅದೇ ಮರ ಫೈಬರ್ ಕೇಬಲನ್ನೂ ಎಳ್ಕೊಂಡು ಬಿದ್ದಿರುತ್ತೆ, ಅದನ್ನ ಜೋಡಿಸೋರು ಬರೋದು ಲೈನ್‌ಮನ್‌ಗಳ ಕೆಲಸ ಮುಗಿದ ಮೇಲೆ. ಈಗ ನಿಮ್ಮ ಫೋನಲ್ಲಿ ಚಾರ್ಜ್ ಇದ್ರೂ ಬಿಜಿಎಂಐ ಓಪನ್ ಆಗಲ್ಲ, ಕಾಲ್ ಆಫ್ ಡ್ಯೂಟಿ ಮೊಬೈಲ್ ಆಗಲ್ಲ, ಕ್ಲ್ಯಾಶ್ ಆಫ್ ಕ್ಲ್ಯಾನ್ಸ್ ಆಗಲ್ಲ, ಗೆನ್ಶಿನ್ ಆಗಲ್ಲ. ಎಲ್ಲಾದಕ್ಕೂ ಸರ್ವರ್ ಬೇಕು. ಎಲ್ಲಿ ಬೇಕಾದ್ರೂ ಆಡ್ಬೋದು ಅನ್ನೋ ವಸ್ತು ನೆಟ್‌ವರ್ಕ್ ಇರೋ ಕಡೆ ಮಾತ್ರ ಆಡೋ ವಸ್ತು ಆಗಿರುತ್ತೆ. ಹುಡುಗ್ರು ಛತ್ರಿ ಹಿಡ್ಕೊಂಡು ಸಿಗ್ನಲ್ ಸಿಗೋ ತಿರುವಿಗೆ ಹೋಗಿ ನಿಲ್ಲೋದು ನೋಡಿದೀರಲ್ಲ.

ಅದೇ ಹೊತ್ತಲ್ಲಿ ಮನೇಲಿ ಇನ್ವರ್ಟರ್ ಇದ್ದು, ಕನ್ಸೋಲಲ್ಲಿ ಮೊದಲೇ ಇನ್‌ಸ್ಟಾಲ್ ಆಗಿರೋ ಗೇಮಿನ ಡಿಸ್ಕ್ ಇದ್ರೆ, ಆಡ್ಬೋದು. ಸ್ಪೈಡರ್ ಮ್ಯಾನ್, ಗಾಡ್ ಆಫ್ ವಾರ್, ಆಸ್ಟ್ರೋ ಬಾಟ್ ಇದಕ್ಕೆಲ್ಲ ಯಾವ ನೆಟ್ಟೂ ಬೇಡ. ಒಂದು ಎಚ್ಚರಿಕೆ, ಕನ್ಸೋಲಿನ ಎಲ್ಲಾ ಗೇಮೂ ಹೀಗಲ್ಲ, ಗ್ರ್ಯಾನ್ ಟುರಿಸ್ಮೋ 7 ಥರದ್ದಕ್ಕೆ ಹೆಚ್ಚಿನ ಭಾಗಕ್ಕೆ ಇಂಟರ್ನೆಟ್ ಇರ್ಲೇಬೇಕು, ತಗೊಳ್ಳೋ ಮೊದಲು ನೋಡ್ಕೊಳ್ಳಿ. ಮೊಬೈಲಲ್ಲೂ ನೆಟ್ ಬೇಡದ ಒಳ್ಳೆ ಗೇಮ್ ಇದೆ, ಮೈನ್‌ಕ್ರಾಫ್ಟ್, ಸ್ಟಾರ್ಡ್ಯೂ ವ್ಯಾಲಿ, ಹಳೇ ಜಿಟಿಎ ಸ್ಯಾನ್ ಆಂಡ್ರಿಯಾಸ್. ದುಡ್ಡು ಕೊಟ್ಟು ತಗೋಬೇಕು, ಆ ದುಡ್ಡಿಗೆ ಯೋಗ್ಯ. ಆದ್ರೆ ನಮ್ಮ ಮಕ್ಕಳು ಆಡೋ ಮೊಬೈಲ್ ಗೇಮಲ್ಲಿ ಈ ಜಾತಿ ತುಂಬಾ ಕಮ್ಮಿ.

ಇನ್ನೊಂದು ಮಾತು, ಇದನ್ನ ದಯವಿಟ್ಟು ಗಂಭೀರವಾಗಿ ತಗೊಳ್ಳಿ. 2018ರ ಆಗಸ್ಟಿನ ಪ್ರವಾಹ, ಭೂಕುಸಿತ ನೋಡಿದವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ, ಜೋರು ಮಳೆ ಹೊತ್ತಲ್ಲಿ ಫೋನ್ ಚಾರ್ಜ್ ಅಂದ್ರೆ ಫೋನ್ ಮಾಡೋಕೆ, ಟಾರ್ಚಿಗೆ, ಸುದ್ದಿ ತಿಳಿಯೋಕೆ. ಅದನ್ನ ಗೇಮಿಗೆ ಕಳೀಬೇಡಿ. ಮನೇಲಿ ಆಟಕ್ಕೆ ಅಂತ ಬೇರೆ ವಸ್ತು ಇರ್ಬೇಕು ಅಂತ ನಾನು ಹೇಳೋಕೆ ಇದೂ ಒಂದು ಕಾರಣ.

ಮನೆ ಇನ್ವರ್ಟರಲ್ಲಿ ಕನ್ಸೋಲ್ ನಡೆಯುತ್ತಾ?

ಪ್ಯೂರ್ ಸೈನ್ ವೇವ್ ಇನ್ವರ್ಟರ್ (ಲೈನ್ ಕರೆಂಟಿನ ಹಾಗೇ ನಯವಾದ ಕರೆಂಟ್ ಕೊಡೋದು) ಆದ್ರೆ ನಡೆಯುತ್ತೆ. ಹಳೇ ಸ್ಕ್ವೇರ್ ವೇವ್ ಆದ್ರೆ ಹಾಕ್ಬೇಡಿ. ಕನ್ಸೋಲ್ 200, ಟಿವಿ 80 ಅಂತ ಇಟ್ಕೊಂಡ್ರೆ ಸುಮಾರು 300 ವ್ಯಾಟ್, ಒಂದು 150 ಎಎಚ್ ಬ್ಯಾಟರಿ ಹೊಸದಾಗಿದ್ರೆ ಮೂರು ಗಂಟೆ ಆಸುಪಾಸು ಬರುತ್ತೆ, ಹಳೇದಾದ್ರೆ ಕಮ್ಮಿ, ಮತ್ತೆ ಅಷ್ಟೂ ಗೇಮಿಗೇ ಕಳೆದ್ರೆ ರಾತ್ರಿ ಲೈಟಿಗೆ ಏನಿಲ್ಲ, ಹಾಗಾಗಿ ಒಂದು ಗಂಟೆಗೆ ನಿಲ್ಲಿಸೋದು ವಾಸಿ. ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತೆ ಹೆಚ್ಚಿನದ್ರಲ್ಲಿ, ಅದು ಹಾಕಿದ್ರೆ ಕರೆಂಟ್ ಹೋದ ಕ್ಷಣಕ್ಕೆ ಕನ್ಸೋಲ್ ಆಫ್ ಆಗಲ್ಲ. ಗೇಮ್ ಸೇವ್ ಆಗುವಾಗ ಆಫ್ ಆದ್ರೆ ಸೇವ್ ಫೈಲ್ ಹಾಳಾಗೋ ಸಾಧ್ಯತೆ ಇದೆ.

ಏಪ್ರಿಲ್ ಮೇ ತಿಂಗಳ ಗುಡುಗಿಗೆ ಮಾತ್ರ ಇನ್ವರ್ಟರ್, ಸ್ಟೆಬಿಲೈಸರ್ ಯಾವ್ದನ್ನೂ ನಂಬ್ಬೇಡಿ. ಕನ್ಸೋಲ್, ಟಿವಿ, ವೈಫೈ ಬಾಕ್ಸ್ ಮೂರರ ಪ್ಲಗ್ಗೂ ಕಿತ್ತಿಡಿ. ಫೈಬರಲ್ಲಿ ಸಿಡಿಲು ಬರಲ್ಲ, ಆದ್ರೆ ಬಾಕ್ಸಿನ ಅಡಾಪ್ಟರಲ್ಲಿ ಬರುತ್ತೆ, ಲ್ಯಾನ್ ಕೇಬಲಲ್ಲಿ ಕನ್ಸೋಲ್ ತನಕಾನೂ ಹೋಗುತ್ತೆ.

ತೇವಕ್ಕೆ ಹಾಳಾಗುತ್ತಾ?

ಕ್ಯಾಮೆರಾ ಲೆನ್ಸಿಗೆ ಫಂಗಸ್ ಬರೋ ಊರು ನಮ್ದು, ಹಾಗಾಗಿ ಪ್ರಶ್ನೆ ಸರಿಯಾಗಿದೆ. ಬೀರುವಲ್ಲಿ ಮುಚ್ಚಿಟ್ರೆ ಹಾಳಾಗೋದು, ವಾರಕ್ಕೆ ಒಂದೆರಡು ಸಲ ಆಡ್ತಾ ಇದ್ರೆ ಒಳಗಿನ ಬಿಸಿಗೆ ತೇವ ತಾನಾಗೇ ಒಣಗುತ್ತೆ. ಗೋಡೆಗೆ ಒತ್ತಿ ಇಡ್ಬೇಡಿ. ಡಿಸ್ಕನ್ನ ಪೆಟ್ಟಿಗೆಯಲ್ಲೇ ಇಡಿ. ಇರುವೆ ಗೂಡು ಕಟ್ಟದ ಹಾಗೆ ನೋಡ್ಕೊಳ್ಳಿ, ಬಿಸಿ ಇರೋ ಜಾಗ ಅಂದ್ರೆ ಇರುವೆಗೆ ಇಷ್ಟ.

ಕ್ಲೌಡ್ ಗೇಮಿಂಗ್ ಬಂದ್ರೆ ಕನ್ಸೋಲೇ ಬೇಡ ಅಂತಾರಲ್ಲ?

ಗೇಮ್ ಎಲ್ಲೋ ದೂರದ ಸರ್ವರಲ್ಲಿ ಓಡುತ್ತೆ, ವಿಡಿಯೋ ಮಾತ್ರ ನಿಮ್ಮ ಫೋನಿಗೆ ಬರುತ್ತೆ, ಐಡಿಯಾ ಒಳ್ಳೇದೇ. ಗೂಗಲ್ ಸ್ಟೇಡಿಯಾ ಅಂತ 2019ರಲ್ಲಿ ತಂದ್ರು, 2023ರ ಜನವರಿಗೆ ಮುಚ್ಚಿದ್ರು, ಅಷ್ಟು ದೊಡ್ಡ ಕಂಪನಿಗೇ ನಡೆಸೋಕಾಗ್ಲಿಲ್ಲ. ಬೇರೆಯವರದ್ದು ಈಗ್ಲೂ ಇದೆ.

ನಮಗೆ ಇಲ್ಲಿ ಎರಡು ಅಡ್ಡಿ. 20 ಎಂಬಿಪಿಎಸ್ ವಿಡಿಯೋ ಅಂದ್ರೆ ಗಂಟೆಗೆ 9 ಜಿಬಿ, ದಿನಕ್ಕೆ ಎರಡು ಜಿಬಿ ಮೊಬೈಲ್ ಪ್ಯಾಕಲ್ಲಿ ಕಾಲು ಗಂಟೆಗೆ ಮುಗೀತು. ಎರಡನೇದು ತಡ. ನೀವು ಬಟನ್ ಒತ್ತಿದ್ದು ಸರ್ವರ್ ತನಕ ಹೋಗಿ ಚಿತ್ರ ವಾಪಸ್ ಬರ್ಬೇಕು, ಸಿಗ್ನಲ್ ಏರಿ ಇಳಿಯೋ ಜಾಗದಲ್ಲಿ ಪಿಂಗ್ (ಹೋಗಿ ಬರೋಕೆ ಹಿಡಿಯೋ ಹೊತ್ತು) ಒಂದ್ಸಲ 40 ಮಿಲಿಸೆಕೆಂಡ್, ಇನ್ನೊಂದ್ಸಲ 300 ಆಗುತ್ತೆ, ಆಗ ಓಡ್ತಿರೋ ಮನುಷ್ಯ ಗುಂಡಿಗೆ ಬಿದ್ದ ಮೇಲೆ ಜಂಪ್ ಆಗ್ತಾನೆ. ಕುಶಾಲನಗರ ಪೇಟೇಲಿ ಒಳ್ಳೆ ಫೈಬರ್ ಇರೋರು ಪ್ರಯತ್ನ ಮಾಡಿ ನೋಡ್ಬೋದು. ತೋಟದೊಳಗಿನ ಮನೆಗೆ ಬೇಡ.

ಮೊಬೈಲಿಗೆ ಕಂಟ್ರೋಲರ್ ಹಾಕಿ, ಟಿವಿಗೆ ಕನೆಕ್ಟ್ ಮಾಡಿದ್ರೆ ಅದೇ ಕನ್ಸೋಲ್ ಆಯ್ತಲ್ಲ?

ಸುಮಾರು ಮಟ್ಟಿಗೆ ಆಯ್ತು, ಖರ್ಚು ಮಾಡೋಕೆ ಮೊದಲು ಇದನ್ನ ಮಾಡಿ ನೋಡಿ ಅಂತಾನೇ ಹೇಳ್ತೀನಿ. ಪಿಎಸ್5 ಕಂಟ್ರೋಲರಲ್ಲಿ ಪಿಎಸ್ ಬಟನ್ನು, ಎಡಗಡೆಯ ಚಿಕ್ಕ ಕ್ರಿಯೇಟ್ ಬಟನ್ನು ಎರಡನ್ನೂ ಒತ್ತಿ ಹಿಡಿದ್ರೆ ನೀಲಿ ಲೈಟ್ ಮಿಣುಕುತ್ತೆ, ಬ್ಲೂಟೂತಲ್ಲಿ ಫೋನಿಗೆ ಸೇರುತ್ತೆ. ಆಂಡ್ರಾಯ್ಡ್ 12 ಮೇಲೆ ಚೆನ್ನಾಗಿ ನಡೆಯುತ್ತೆ. ಕಾಲ್ ಆಫ್ ಡ್ಯೂಟಿ ಮೊಬೈಲ್, ಮೈನ್‌ಕ್ರಾಫ್ಟ್ ಇದನ್ನ ಒಪ್ಪುತ್ತೆ. ಟಿವಿಗೆ ಕೇಬಲ್ ಹಾಕೋಕೆ ನಿಮ್ಮ ಫೋನಿನ ಟೈಪ್ ಸಿ ಪೋರ್ಟ್ ವಿಡಿಯೋ ಹೊರಗೆ ಕೊಡ್ಬೇಕು, ಕಮ್ಮಿ ಬೆಲೆ ಫೋನಲ್ಲಿ ಹೆಚ್ಚಾಗಿ ಅದು ಇರಲ್ಲ, ವೈಫೈ ಮೇಲೆ ಕ್ಯಾಸ್ಟ್ ಮಾಡಿದ್ರೆ ತಡ ಆಗುತ್ತೆ. ಆಡ್ತಾ ಇರುವಾಗ ಅತ್ತೆಯೋ ಮಾವನೋ ಫೋನ್ ಮಾಡಿದ್ರೆ ಆಟ ಅಲ್ಲಿಗೆ ನಿಲ್ಲುತ್ತೆ ಅನ್ನೋದು ಬೇರೆ.

ಮಗ ಇಡೀ ದಿನ ಫೋನಲ್ಲಿ ಆಡ್ತಾನೆ. ಕನ್ಸೋಲ್ ಕೊಡಿಸಿದ್ರೆ ಫೋನ್ ಬಿಡ್ತಾನಾ?

ತುಂಬಾ ಅಮ್ಮಂದಿರು ಕೇಳ್ತಾರೆ. ಪೂರ್ತಿ ಬಿಡ್ತಾನೆ ಅಂತ ಮಾತು ಕೊಡೋಕಾಗಲ್ಲ, ಯಾಕಂದ್ರೆ ಅವನ ಫ್ರೆಂಡ್ಸ್ ಎಲ್ಲಾ ಬಿಜಿಎಂಐಯಲ್ಲೇ ಇದಾರೆ, ಅವನು ಅಲ್ಲಿಗೆ ಹೋಗೋದು ಗೇಮಿಗಿಂತ ಜಾಸ್ತಿ ಮಾತಾಡೋಕೆ. 2020ರ ಸೆಪ್ಟೆಂಬರಲ್ಲಿ ಪಬ್‌ಜಿ ಬ್ಯಾನ್ ಆಯ್ತು, 2021ರ ಜುಲೈಗೆ ಬಿಜಿಎಂಐ ಅಂತ ಬಂತು, 2022ರಲ್ಲಿ ಮತ್ತೆ ತೆಗೆದ್ರು, 2023ಕ್ಕೆ ಮತ್ತೆ ಬಂತು, ಪ್ರತಿ ಸಲಾನೂ ಹುಡುಗ್ರೆಲ್ಲ ಗುಂಪಾಗಿ ವಾಪಸ್ ಬಂದ್ರು.

ಆದ್ರೆ ಒಂದು ವ್ಯತ್ಯಾಸ ಇದೆ, ಅದು ಗೇಮ್ ಮಾಡೋರ ವ್ಯಾಪಾರದಲ್ಲಿ ಇರೋದು. ಫ್ರೀ ಗೇಮಿಗೆ ದುಡ್ಡು ಬರೋದು ನೀವು ದಿನಾ ವಾಪಸ್ ಬಂದ್ರೆ ಮಾತ್ರ. ಅದಕ್ಕೇ ದಿನದ ಬಹುಮಾನ, ಸೀಸನ್ ಪಾಸು, ಇವತ್ತು ರಾತ್ರಿ ಮುಗಿಯೋ ಆಫರು, ಬಂದೂಕಿಗೆ ಬಣ್ಣ ಹಚ್ಚೋಕೆ ಯುಸಿ (ದುಡ್ಡು ಕೊಟ್ಟು ತಗೊಳ್ಳೋ ಗೇಮೊಳಗಿನ ನಾಣ್ಯ). ಆ ಗೇಮಿಗೆ ಕೊನೆ ಅಂತ ಇಲ್ಲ, ಕೊನೆ ಇದ್ರೆ ಕಂಪನಿಗೆ ನಷ್ಟ. ಕನ್ಸೋಲಲ್ಲಿ ಕಥೆ ಇರೋ ಗೇಮಿಗೆ ಮೊದಲೇ ದುಡ್ಡು ಕೊಟ್ಟಾಯ್ತು, ಇಪ್ಪತ್ತು ಮೂವತ್ತು ಗಂಟೆಗೆ ಮುಗಿಯುತ್ತೆ, ಹೆಸರುಗಳೆಲ್ಲಾ ಬಂದು ಪರದೆ ಕಪ್ಪಾಗುತ್ತೆ, ಹುಡುಗ ಎದ್ದು ಹೊರಗೆ ಹೋಗ್ತಾನೆ. ಕನ್ಸೋಲಲ್ಲೂ ಫೋರ್ಟ್‌ನೈಟ್ ಥರ ಮುಗಿಯದ್ದು ಇದೆ, ಇಲ್ಲ ಅಂತಲ್ಲ, ಆದ್ರೆ ಮುಗಿಯೋದನ್ನ ಆರಿಸ್ಕೊಳ್ಳೋ ಅವಕಾಶ ಅಲ್ಲಿ ಜಾಸ್ತಿ. ಜೊತೆಗೆ ಹಾಲಲ್ಲಿ ಟಿವಿ ಮೇಲೆ ಆಡೋದನ್ನ ನೀವು ನೋಡ್ಬೋದು, ಕಂಬಳಿ ಒಳಗೆ ಆಡೋದನ್ನ ನೋಡೋಕಾಗಲ್ಲ.

ಮತ್ತೆ ಜೊತೇಲಿ ಕೂತು ಆಡೋ ಖುಷಿ. ಪುತ್ತರಿ ಹಬ್ಬಕ್ಕೆ ಎಲ್ಲಾ ಕಡೆಯಿಂದ ಮಕ್ಕಳು ಮನೆಗೆ ಬಂದಾಗ ಐದು ಜನ ಐದು ಮೂಲೇಲಿ ಫೋನ್ ಹಿಡ್ಕೊಂಡಿರೋದು ಒಂದು ಥರ, ಎರಡು ಕಂಟ್ರೋಲರ್ ಇಟ್ಕೊಂಡು ಸೋತವರು ಮುಂದಿನವರಿಗೆ ಕೊಡೋದು ಇನ್ನೊಂದು ಥರ. ಇಟ್ ಟೇಕ್ಸ್ ಟೂ ಅನ್ನೋ 2021ರ ಗೇಮನ್ನ ಒಬ್ಬರೇ ಆಡೋಕೇ ಆಗಲ್ಲ, ಇಬ್ರು ಬೇಕೇ ಬೇಕು. ಯಾವತ್ತೂ ಗೇಮ್ ಮುಟ್ಟದ ಅಕ್ಕನ ಕೈಗೆ ಎರಡನೇ ಕಂಟ್ರೋಲರ್ ಕೊಟ್ಟು ನೋಡಿ, ಮೊದಲು ಗೋಡೆಗೆ ಗುದ್ದಿಕೊಂಡು ತಿರುಗ್ತಾಳೆ, ಅರ್ಧ ಗಂಟೆ ಆದ್ಮೇಲೆ ತಮ್ಮನಿಗೇ ಬೈತಾ ಇರ್ತಾಳೆ, ನೀನು ಬೇಗ ಹಾರ್ಲಿಲ್ಲ ಅಂತ. ಇದನ್ನ ಮೊಬೈಲ್ ಕೊಡಲ್ಲ. ನನಗೆ ಕನ್ಸೋಲ್ ಮೇಲೆ ಇರೋ ಪ್ರೀತಿಗೆ ದೊಡ್ಡ ಕಾರಣ ಗ್ರಾಫಿಕ್ಸ್ ಅಲ್ಲ, ಇದೇ.

ದುಡ್ಡು ಹಾಕಿ ಆಡೋ ಗೇಮ್ ಬಗ್ಗೆ?

ಅದು ಬೇರೆ ವಿಷಯ, ಇದಕ್ಕೆ ಸೇರಿಸ್ಬೇಡಿ. ಹಣ ಪಣಕ್ಕಿಟ್ಟು ಆಡೋ ಆನ್‌ಲೈನ್ ಗೇಮುಗಳನ್ನ ನಿಷೇಧಿಸೋ ಕೇಂದ್ರದ ಕಾಯ್ದೆ 2025ರ ಆಗಸ್ಟಲ್ಲಿ ಪಾಸ್ ಆಯ್ತು.

ಖರ್ಚು ಎಷ್ಟಾಗುತ್ತೆ?

ಪಿಎಸ್5 ನಮ್ಮ ದೇಶಕ್ಕೆ 2021ರ ಫೆಬ್ರವರೀಲಿ ಬಂದಾಗ ಡಿಸ್ಕ್ ಇರೋದು 49,990 ರೂಪಾಯಿ, ಆಮೇಲೆ ಏರಿದೆ. ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಬಂದಾಗ 34,990 ಇತ್ತು, ಅದಕ್ಕೆ ಡಿಸ್ಕ್ ಹಾಕೋ ಜಾಗ ಇಲ್ಲ. ಹಿಂದೆಲ್ಲಾ ಕನ್ಸೋಲು ವರ್ಷ ಕಳೆದ ಹಾಗೆ ಅಗ್ಗ ಆಗ್ತಿತ್ತು, ಈ ಸಲ ಉಲ್ಟಾ ಆಗ್ತಿದೆ. ದೊಡ್ಡ ಹೊಸ ಗೇಮು ನಾಲ್ಕೈದು ಸಾವಿರ. ಫೋನು ಹೇಗೂ ಮನೇಲಿ ಇದೆ, ಗೇಮ್ ಫ್ರೀ. ಕನ್ಸೋಲಿಗೆ ನಿಜವಾದ ಅಪಾಯ ಅಂದ್ರೆ ನನ್ನ ಪ್ರಕಾರ ಮೊಬೈಲ್ ಅಲ್ಲ, ಈ ಬೆಲೆ. ಕಾಫಿ ರೇಟ್ ಒಳ್ಳೇದಿದ್ದ ವರ್ಷ ಒಂದು ಮನೆಗೆ ಇದು ದೊಡ್ಡದಲ್ಲ ಅನ್ಸ್‌ಬೋದು, ತಿಂಗಳ ಸಂಬಳದಲ್ಲಿ ನಡೆಯೋ ಮನೆಗೆ ತುಂಬಾ ದೊಡ್ಡದು, ಅಂಥಾ ಕಡೆ ಸಾಲ ಮಾಡಿ ತಗೊಳ್ಳಿ ಅಂತ ಯಾವತ್ತೂ ಹೇಳಲ್ಲ.

ದೊಡ್ಡ ಗೇಮ್ ಆಡೋಕೆ ಅಂತ ಲಕ್ಷದ ಫೋನ್ ತಗೋತೀನಿ ಅನ್ನೋರಿಗೆ ಮಾತ್ರ ಹೇಳೋದು, ಬೇಡ. ಸಾಧಾರಣ ಫೋನೂ ಒಂದು ಕನ್ಸೋಲೂ ಅದೇ ದುಡ್ಡಲ್ಲಿ ಬರುತ್ತೆ.

ಡಿಸ್ಕ್ ಇರೋದು ತಗೊಳ್ಳೋದಾ, ಇಲ್ಲದ್ದಾ?

ಕೊಡಗಿಗೆ ಡಿಸ್ಕ್ ಇರೋದು. 100 ಜಿಬಿ ಗೇಮು 40 ಎಂಬಿಪಿಎಸ್ ಲೈನಲ್ಲಿ ಡೌನ್‌ಲೋಡ್ ಆಗೋಕೆ ಐದೂವರೆ ಗಂಟೆ, ಅದೂ ಮಧ್ಯದಲ್ಲಿ ನಿಲ್ಲದಿದ್ರೆ. ಡಿಸ್ಕಿಂದ ಅದರ ಬಹುಪಾಲು ಕೂತಲ್ಲೇ ಇನ್‌ಸ್ಟಾಲ್ ಆಗುತ್ತೆ. ಆಡಿ ಮುಗಿದ ಮೇಲೆ ಮಾರ್ಬೋದು, ಸ್ನೇಹಿತರ ಜೊತೆ ಬದಲಾಯಿಸ್ಕೋಬೋದು. ಹೊಸ ಸ್ಲಿಮ್ ಪಿಎಸ್5ಗೆ ಡಿಸ್ಕ್ ಡ್ರೈವ್ ಜೋಡಿಸುವಾಗ ಮೊದಲ ಸಲ ಇಂಟರ್ನೆಟ್ ಬೇಕು, ಅದನ್ನ ಮಳೆ ಶುರು ಆಗೋ ಮೊದಲೇ ಮಾಡಿ ಮುಗಿಸಿ.

ಕ್ರಿಕೆಟ್, ಹಾಕಿ ಗೇಮ್ ಯಾವ್ದರಲ್ಲಿ ಚೆನ್ನಾಗಿದೆ?

ಕ್ರಿಕೆಟಿಗೆ ಮೊಬೈಲೇ ಸಾಕು. ಡಬ್ಲ್ಯೂಸಿಸಿ 3, ರಿಯಲ್ ಕ್ರಿಕೆಟ್ ಎರಡೂ ನಮ್ಮ ದೇಶದವರೇ ಮಾಡಿರೋದು, ಕನ್ಸೋಲಿಗೆ ಕ್ರಿಕೆಟ್ 24 ಇದೆ, ಆದ್ರೆ ಅದಕ್ಕೋಸ್ಕರ ಮಾತ್ರ ಕನ್ಸೋಲ್ ತಗೋಬೇಡಿ. ಫುಟ್‌ಬಾಲ್ ಆದ್ರೆ ಕನ್ಸೋಲಿನ ಇಎ ಎಫ್‌ಸಿ ಮುಂದೆ ಮೊಬೈಲಿಂದು ಏನೂ ಅಲ್ಲ.

ಹಾಕಿ ವಿಷಯಕ್ಕೆ ಬಂದ್ರೆ ಬೇಜಾರು. ಎನ್‌ಎಚ್‌ಎಲ್ ಅಂತ ಅಂಗಡೀಲಿ ಕಾಣೋದು ಐಸ್ ಹಾಕಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೌಟುಂಬಿಕ ಹಾಕಿಗೆ 2024ರಲ್ಲಿ ನಾಪೋಕ್ಲಲ್ಲಿ 360 ತಂಡ ಆಡ್ತು, ಅಷ್ಟು ಆಟಗಾರರು ಇರೋ ಊರಿನ ಹುಡುಗ್ರು ಯಾರಾದ್ರೂ ಒಂದು ಫೀಲ್ಡ್ ಹಾಕಿ ಗೇಮ್ ಮಾಡ್ಬೇಕು, ಮೊಬೈಲಿಗೇ ಮಾಡ್ಲಿ, ನಾನು ಮೊದಲ ದಿನಾನೇ ದುಡ್ಡು ಕೊಟ್ಟು ತಗೋತೀನಿ.

ಜಿಟಿಎ 6 ಮೊಬೈಲಿಗೆ ಬರುತ್ತಾ?

ಘೋಷಣೆ ಆಗಿರೋದು ಪಿಎಸ್5ಗೆ ಮತ್ತೆ ಎಕ್ಸ್‌ಬಾಕ್ಸ್ ಸೀರೀಸಿಗೆ. ಜಿಟಿಎ 6 ಎಪಿಕೆ (ಆಂಡ್ರಾಯ್ಡ್ ಆಪ್ ಇನ್‌ಸ್ಟಾಲ್ ಮಾಡೋ ಫೈಲ್) ಅಂತ ವಾಟ್ಸಪ್ಪಲ್ಲಿ ಬರೋ ಲಿಂಕ್ ಎಲ್ಲಾ ಮೋಸ, ಇನ್‌ಸ್ಟಾಲ್ ಮಾಡ್ಬೇಡಿ.

ಸೆಕೆಂಡ್ ಹ್ಯಾಂಡ್ ಪಿಎಸ್4 ತಗೋಬೋದಾ?

ಬಜೆಟ್ ಕಮ್ಮಿ ಇದ್ರೆ ಒಳ್ಳೇ ದಾರಿ. 2013ರ ಕನ್ಸೋಲ್ ಆದ್ರೂ ಆಡೋಕೆ ವರ್ಷಗಟ್ಟಲೆಗೆ ಸಾಕಾಗುವಷ್ಟು ಗೇಮ್ ಇದೆ, ಹಳೇ ಡಿಸ್ಕ್ ಅಗ್ಗಕ್ಕೆ ಸಿಗುತ್ತೆ, ಮುಂದೆ ಡಿಸ್ಕ್ ಡ್ರೈವ್ ಇರೋ ಪಿಎಸ್5 ತಗೊಂಡ್ರೆ ಅದೇ ಡಿಸ್ಕುಗಳು ಹೆಚ್ಚುಕಮ್ಮಿ ಎಲ್ಲಾ ಅದರಲ್ಲೂ ನಡೆಯುತ್ತೆ. ಬರೀ ಆನ್ ಮಾಡಿ ತೋರಿಸಿದ್ರೆ ಒಪ್ಪಬೇಡಿ, ಅವರ ಮನೇಲೇ ಒಂದು ದೊಡ್ಡ ಗೇಮ್ ಅರ್ಧ ಗಂಟೆ ಆಡಿ. ಫ್ಯಾನ್ ಜೋರಾಗಿ ಕೂಗಿದ್ರೆ ಒಳಗೆ ಧೂಳು ತುಂಬಿದೆ ಅಂತ, ಅದು ಕ್ಲೀನ್ ಆಗುತ್ತೆ. ಡಿಸ್ಕ್ ಹಾಕಿದ್ರೆ ಓದ್ದೆ ಹೊರಗೆ ತಳ್ಳಿದ್ರೆ ಬಿಟ್ಬಿಡಿ. ಕಂಟ್ರೋಲರ್ ಮುಟ್ಟದೇ ಇದ್ದಾಗ ಪರದೆ ಮೇಲೆ ಮನುಷ್ಯ ತಾನಾಗೇ ನಡೀತಾ ಇದ್ರೆ ಸ್ಟಿಕ್ ಹೋಗಿದೆ, ಹೊಸ ಕಂಟ್ರೋಲರಿನ ದುಡ್ಡು ಕಳೆದು ಮಾತಾಡಿ. ಹಿಂದಿನ ಮಾಲೀಕರ ಅಕೌಂಟ್ ನಿಮ್ಮ ಮುಂದೆಯೇ ತೆಗೆಸಿ, ಪವರ್ ಕೇಬಲ್, ಎಚ್‌ಡಿಎಂಐ ಕೇಬಲ್ ಎರಡೂ ಕೇಳಿ ತಗೊಳ್ಳಿ.